ನಮ್ಮಪ್ಪನ ಮೊಪೆಡ್ಡು ಮತ್ತು 100 ಮಿ.ಲೀ. ಪೆಟ್ರೋಲು

ನಮ್ಮಪ್ಪನ ಮೊಪೆಡ್ಡು ನಿಮಗೆಲ್ಲ ಗೊತ್ತು. ಹಾಲಿನ ಕ್ಯಾನು ಹೊತ್ತು ದಿನಕ್ಕೆ 20 ಕಿ.ಮೀ. ಓಡುತ್ತದೆ. ಈ ಬೇಸಿಗೆಯಲ್ಲಿ ಅದು ಪೆಟ್ರೋಲು ಜಾಸ್ತಿ ಕುಡಿಯತೊಡಗಿತು. ಹಿಂದೆ ನಿಂತರೆ ಹೊಗೆಗೆ ಕಣ್ಣು ಉರಿ. ಆದರೆ ಹೊಗೆ ತಪಾಸಣೆಯ ಚೀಟಿಯಲ್ಲಿ ಎಲ್ಲ ಸರಿ ಇದೆ ಅಂತ ಬರೆದಿತ್ತು! ಚೀಟಿ ಮಾಡಿಸಿದ ದಿನ ನಾನೂ ಹೋಗಿದ್ದೆ. ಅವರು ಗಾಡಿಯ ಫೋಟೋ ತೆಗೆದರು, ಸೈಲೆನ್ಸರಿಗೆ ಕೊಳವೆ ಹಾಕಲೇ ಇಲ್ಲ. ಹಾಗಾದರೆ ಆ ಅಂಕಿ ಎಲ್ಲಿಂದ ಬಂತು? ಕೇಳಿದ್ದಕ್ಕೆ ಅಪ್ಪ, "ಸುಮ್ನಿರೋ, ಚೀಟಿ ಸಿಕ್ತಲ್ಲ" ಅಂದರು.

ವಿಜ್ಞಾನದ ಮೇಷ್ಟ್ರು, "ನೀನೇ ಮೈಲೇಜು ಅಳೆದು ನೋಡು" ಅಂದರು. ಮೆಕ್ಯಾನಿಕ್ ಮಾಮ ದಾರಿ ತೋರಿಸಿದರು. ಟ್ಯಾಂಕಿನ ಪೈಪು ಬಿಚ್ಚಿ, ಹ್ಯಾಂಡಲಿಗೆ ಒಂದು ಬಾಟಲಿ ಕಟ್ಟಿ, ಅದರ ಪೈಪನ್ನು ಕಾರ್ಬುರೇಟರಿಗೆ ಸೇರಿಸಿದರು. ಮೊದಲು ಗಾಡಿ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲೂ ಲೆಕ್ಕಕ್ಕೆ ಸೇರಿ ಮೈಲೇಜು ಸುಳ್ಳಾಗುತ್ತದೆ. ಆಮೇಲೆ ಶಾಲೆಯ ಅಳತೆ ಜಾಡಿಯಿಂದ ಸರಿಯಾಗಿ 100 ಮಿ.ಲೀ. ಹಾಕಿದೆವು. ಕೆರೆ ಏರಿ ಮೇಲೆ ಹೋಗುತ್ತಾ ಬರುತ್ತಾ, ಒಂದೇ ವೇಗ, ಒಂದೇ ಭಾರ. ಅಪ್ಪ ಓಡಿಸಿದರು, ನಾನು ಹಿಂದೆ ಕೂತು ಬರೆದುಕೊಂಡೆ. ಮೂರು ಸಲ ಮಾಡಿದಾಗ 4.4, 4.5, 4.3 ಕಿ.ಮೀ. ಬಂತು. ಅಂದರೆ ಲೀಟರಿಗೆ 44. (ದೊಡ್ಡವರಿಲ್ಲದೆ ಇದನ್ನು ಮಾಡಬೇಡಿ, ಹತ್ತಿರ ಬೀಡಿ ಹಚ್ಚುವವರೂ ಇರಬಾರದು. ನಮ್ಮದು 2017ರ ಗಾಡಿ. ಇಂಜೆಕ್ಷನ್ ಇರುವ ಹೊಸ ಗಾಡಿಗೆ ಈ ಬಾಟಲಿ ನಡೆಯದು.)

ಮೈಲೇಜಿಗೂ ಹೊಗೆಗೂ ಏನು ಸಂಬಂಧ? 1 ಕೆ.ಜಿ. ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ನಾನು ಲೆಕ್ಕ ಹಾಕಿದೆ. 1 ಲೀಟರಿಗೆ ಸುಮಾರು 9 ಸಾವಿರ ಲೀಟರ್ ಗಾಳಿ, ಅಂದರೆ 200 ಲೀಟರಿನ 45 ಡ್ರಮ್ಮು! ಅಷ್ಟು ಗಾಳಿ ಸಿಗದಿದ್ದರೆ ಪೆಟ್ರೋಲು ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಪ್ಪ ಗಾಡಿಯನ್ನು ನಡುಮನೆಯಲ್ಲೇ ಸ್ಟಾರ್ಟ್ ಮಾಡುತ್ತಿದ್ದರು. ಅಜ್ಜಿ ಮಲಗುವುದು ಅಲ್ಲೇ. ಇದನ್ನು ಓದಿ ಹೇಳಿದ ದಿನದಿಂದ ಗಾಡಿಯನ್ನು ಬೀದಿಗೆ ತಳ್ಳಿಕೊಂಡು ಹೋಗುತ್ತಾರೆ.

ಆಮೇಲೆ ಪೇಟೆಯ ಬೇರೆ ತಪಾಸಣೆಯವರ ಹತ್ತಿರ ಹೋದೆವು. ಅವರು ಸೈಲೆನ್ಸರಿನೊಳಗೆ ಉದ್ದಕ್ಕೆ ಕೊಳವೆ ತೂರಿಸಿದರು. ಯಂತ್ರದೊಳಗೆ ಹೊಗೆಯ ಮೂಲಕ ಅವಕೆಂಪು ಕಿರಣ ಹಾಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆಯೋ ಅಷ್ಟು ಕಿರಣವನ್ನು ನುಂಗುತ್ತದೆ. ನಮ್ಮಂಥ ಗಾಡಿಗೆ ಮಿತಿ ನೂರಕ್ಕೆ 3.5. ನಮ್ಮದು 5.2 ತೋರಿಸಿತು. ಫೇಲು! ಅಪ್ಪ ಹಳೇ ಚೀಟಿ ತೆಗೆದು ಎರಡು ಸಲ ನೋಡಿದರು.

ಮೆಕ್ಯಾನಿಕ್ ಮಾಮ ಏರ್ ಫಿಲ್ಟರ್ ಬಿಚ್ಚಿದರು. ಸ್ಪಂಜಿನ ತುಂಬ ಹೊಲದ ಧೂಳು, ಮಣ್ಣಿನ ಹೆಂಟೆ ಥರ ಆಗಿತ್ತು. ತೊಳೆದು, ಕಾರ್ಬುರೇಟರಿನ ಸ್ಕ್ರೂ ಸ್ವಲ್ಪ ತಿರುಗಿಸಿದರು. ಈಗ ಬಾಟಲಿಯಲ್ಲಿ 5.6 ಕಿ.ಮೀ., ಹೊಗೆಯಲ್ಲಿ 2.3. ತಿಂಗಳಿಗೆ ಸುಮಾರು 3 ಲೀಟರ್ ಉಳಿತಾಯ.

ಆದರೆ ಮೇಷ್ಟ್ರು ಒಂದು ತಪ್ಪು ಹಿಡಿದರು. ಫಿಲ್ಟರ್, ಸ್ಕ್ರೂ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಎಷ್ಟು ಲಾಭ ಅಂತ ಹೇಗೆ ಗೊತ್ತಾಗುತ್ತೆ? ನಿಜ. ಮುಂದಿನ ಸಲ ಫಿಲ್ಟರ್ ಒಂದನ್ನೇ ತೊಳೆದು ಅಳೆಯುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಅದಕ್ಕೆ ಅಪ್ಪ, "ಅದು ಮತ್ತೆ ಗಲೀಜಾಗ್ಲಿ ಅಂತ ಕಾಯ್ತಿದ್ದೀಯೇನೋ?" ಅಂತ ಬೈದರು.