ಹುಕ್ಕೇರಿಗೆ ಅಕ್ಷರ ಎಷ್ಟು? ಕಂಪ್ಯೂಟರು ಎಂಟು ಅನ್ನುತ್ತದೆ!

ಗೋಕಾಕ: ಹುಕ್ಕೇರಿ ಎಂಬ ಊರ ಹೆಸರಿನಲ್ಲಿ ಎಷ್ಟು ಅಕ್ಷರ? ಬಸ್ ಸ್ಟ್ಯಾಂಡಿನಲ್ಲಿ ಅವ್ವನ ಕೈ ಹಿಡಿದು ನಿಂತ ಎರಡನೇ ಇಯತ್ತೆಯ ಹುಡುಗನನ್ನು ಕೇಳಿದರೂ ಬೆರಳು ಮಡಿಚಿ ಹೇಳುತ್ತಾನೆ. ಹು, ಕ್ಕೇ, ರಿ. ಮೂರು!

ಅದೇ ಪ್ರಶ್ನೆಯನ್ನು ಕಂಪ್ಯೂಟರಿನ ಸಾದಾ ಪ್ರೋಗ್ರಾಮಿಗೆ ಹಾಕಿದರೆ ಬರುವ ಉತ್ತರ ಎಂಟು. ಮೂಡಲಗಿಗೆ ನಾಲ್ಕರ ಬದಲು ಆರು. ಗೋಕಾಕಕ್ಕೆ ಮೂರರ ಬದಲು ಐದು. ಲಕ್ಷಗಟ್ಟಲೆ ಲೆಕ್ಕವನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುವ ಯಂತ್ರ ಮೂರು ಊರಿನ ಹೆಸರು ಎಣಿಸುವಲ್ಲಿ ಎಡವುತ್ತದೆ ಎಂದರೆ ನಗು ಬರುತ್ತದೆ. ಆದರೆ ಈ ಎಡವಟ್ಟು ಶಾಲೆಯ ಮಕ್ಕಳ ಹಾಳೆಯ ಮೇಲೆ ಅಚ್ಚಾಗಿ ಬಂದರೆ ಅದು ನಗುವ ಮಾತಲ್ಲ.

ಇದು ಎದ್ದು ಕಾಣುವುದು ಒಂದು ಸಣ್ಣ ಆಟದಲ್ಲಿ. ಪದ ಹುಡುಕುವ ಆಟದಲ್ಲಿ.

ಏನಿದು ಆಟ?

ಪದಬಂಧ ಎಲ್ಲರಿಗೂ ಗೊತ್ತು. ಸುಳಿವು ಓದಬೇಕು, ತಲೆ ಕೆರೆದುಕೊಳ್ಳಬೇಕು, ಹಳಗನ್ನಡ, ಪುರಾಣ ಎಲ್ಲ ಸ್ವಲ್ಪ ತಿಳಿದಿರಬೇಕು. ಪದ ಹುಡುಕುವ ಆಟ ಅಷ್ಟು ಬಿಗಿ ಅಲ್ಲ. ಒಂದು ಚೌಕ, ಅದರ ತುಂಬ ಅಕ್ಷರ. ಆ ಸಂತೆಯೊಳಗೆ ಕೆಲವು ಪದಗಳು ಅಡಗಿ ಕುಳಿತಿರುತ್ತವೆ. ಕೆಲವು ಅಡ್ಡ, ಕೆಲವು ಉದ್ದ, ಕೆಲವು ಮೂಲೆಯಿಂದ ಮೂಲೆಗೆ, ಕೆಲವು ಹಿಂದುಮುಂದಾಗಿ. ಪೆನ್ನಿನಿಂದ ಗೆರೆ ಎಳೆದು ಹಿಡಿದರೆ ಮುಗಿಯಿತು. ಪಾಂಡಿತ್ಯ ಬೇಡ, ಕಣ್ಣಿದ್ದರೆ ಸಾಕು. ಬಸ್ಸಿನಲ್ಲಿ ಸೀಟು ಸಿಕ್ಕವರಿಗೆ, ಮಧ್ಯಾಹ್ನ ಗಿರಾಕಿ ಇಲ್ಲದ ಗಲ್ಲೆಯ ಮೇಲೆ ಕುಳಿತವರಿಗೆ ಹೇಳಿ ಮಾಡಿಸಿದ ಆಟ.

ಈ ಆಟದ ಹುಟ್ಟಿನ ಕಥೆ ನಮ್ಮ ಅಂಗಡಿಕಾರರಿಗೆ ಹಿಡಿಸುವಂಥದು. ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ನಾರ್ಮನ್ ಎಂಬ ಊರು. ಅಲ್ಲಿ ನಾರ್ಮನ್ ಗಿಬಾಟ್ ಎಂಬುವರು 'ಸೆಲೆನ್‌ಬಿ ಡೈಜೆಸ್ಟ್' ಎಂಬ ಸಣ್ಣ ಜಾಹೀರಾತು ಪತ್ರಿಕೆ ತೆಗೆಯುತ್ತಿದ್ದರು. 1968ರ ಮಾರ್ಚ್ 1ರ ಸಂಚಿಕೆಯಲ್ಲಿ ಇಂಥದೊಂದು ಚೌಕ ಅಚ್ಚು ಹಾಕಿದರು. ಊರಿನ ಶಾಲೆಯ ಮಾಸ್ತರರು ಮಕ್ಕಳಿಗೆ ಹಂಚಲು ಹೆಚ್ಚಿನ ಪ್ರತಿ ಕೇಳಿದರು. ಕೈಯಿಂದ ಕೈಗೆ ಸಾಗಿ ಆಟ ದೇಶವೆಲ್ಲ ಹಬ್ಬಿತು. ಸ್ಪೇನ್ ದೇಶದ ಪೆದ್ರೋ ಒಕೋನ್ ದ ಓರೋ ಅವರೂ ಇಂಥ ಚೌಕಗಳನ್ನು ಹೆಣೆದು ಹೆಸರು ಮಾಡಿದವರು. ಅಂದರೆ ದೊಡ್ಡ ಪಟ್ಟಣದ ದೊಡ್ಡ ಪತ್ರಿಕೆಯೇ ಆಗಬೇಕೆಂದಿಲ್ಲ. ಒಂದು ಸಣ್ಣ ಊರಿನ ಜಾಹೀರಾತು ಕಾಗದ, ನಾಲ್ಕು ಜನ ಮಾಸ್ತರರು. ಅಷ್ಟೇ ಸಾಕಾಯಿತು.

ಟೆಂಪೋದಲ್ಲಿ ಮಾಲು ತುಂಬಿದಂತೆ

ಕೈಯಲ್ಲಿ ಚೌಕ ಹೆಣೆಯಲು ಹೊತ್ತು ಹಿಡಿಯುತ್ತದೆ. ಕಂಪ್ಯೂಟರಿಗೆ ಒಂದು ಕ್ಷಣದ ಕೆಲಸ. ಅದು ಮಾಡುವುದಾದರೂ ಏನು?

ಕಿರಾಣಿ ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಟೆಂಪೋದಲ್ಲಿ ಮಾಲು ತುಂಬುವಾಗ ಮೊದಲು ದೊಡ್ಡ ಡಬ್ಬ, ಆಮೇಲೆ ಸಣ್ಣ ಪೆಟ್ಟಿಗೆ, ಕಡೆಗೆ ಸಂದಿಗೊಂದಿಯಲ್ಲಿ ಪುಡಿಕೆ. ಪ್ರೋಗ್ರಾಮಿನ ದಾರಿಯೂ ಇದೇ. ಕೊಟ್ಟ ಪದಗಳಲ್ಲಿ ಉದ್ದನೆಯದನ್ನು ಮೊದಲು ಎತ್ತಿಕೊಳ್ಳುತ್ತದೆ. ಚೀಟಿ ಎತ್ತಿದಂತೆ ಒಂದು ಮನೆ, ಒಂದು ದಿಕ್ಕು ಆರಿಸುತ್ತದೆ. ಅಲ್ಲಿ ಜಾಗ ಖಾಲಿ ಇದ್ದರೆ ಪದವನ್ನು ಕೂರಿಸುತ್ತದೆ. ಬೇರೆ ಪದ ಅಡ್ಡ ಬಂದರೂ ಸಂಧಿಸುವ ಮನೆಯಲ್ಲಿ ಎರಡಕ್ಕೂ ಒಂದೇ ಅಕ್ಷರವಿದ್ದರೆ ತಕರಾರಿಲ್ಲ, ಹಾಗೇ ಕೂರಿಸುತ್ತದೆ. ಇಲ್ಲದಿದ್ದರೆ ಮತ್ತೊಂದು ಚೀಟಿ. ಎಲ್ಲ ಪದ ಕುಳಿತ ಮೇಲೆ ಉಳಿದ ಖಾಲಿ ಮನೆಗಳಿಗೆ ಸಿಕ್ಕಸಿಕ್ಕ ಅಕ್ಷರ ತುಂಬಿ ಕೈ ತೊಳೆದುಕೊಳ್ಳುತ್ತದೆ.

ಇಂಥ ಪ್ರೋಗ್ರಾಮು ಬರೆಯಲು ದೊಡ್ಡ ಎಂಜಿನಿಯರ್ ಆಗಬೇಕಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪುಕ್ಕಟೆ ಸಿಗುತ್ತದೆ. ಅದನ್ನು ನಾಲ್ಕು ತಿಂಗಳು ಕಲಿತ ಕಾಲೇಜು ಹುಡುಗ, ಹುಡುಗಿಯರು ಬರೆಯಬಲ್ಲರು. ಸಿದ್ಧ ಮಾಡಿಟ್ಟ ಪ್ರೋಗ್ರಾಮುಗಳೂ ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಇಂಗ್ಲಿಷ್ ಪದ ಕೊಟ್ಟರೆ ಬೆಣ್ಣೆಯಂಥ ಚೌಕ ಬರುತ್ತದೆ. ಕನ್ನಡ ಪದ ಕೊಟ್ಟಾಗ ಶುರುವಾಗುತ್ತದೆ ಫಜೀತಿ!

ಗೋಕಾಕ ಹೋಗಿ 'ಕಾಕೋಗ'

ಕಂಪ್ಯೂಟರಿನ ಹೊಟ್ಟೆಯಲ್ಲಿ ಅಕ್ಷರ ಇರುವುದಿಲ್ಲ, ಅಂಕಿ ಇರುತ್ತದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಅಂಕಿ ಕೊಡುವ ಯೂನಿಕೋಡ್ ಎಂಬ ಪಟ್ಟಿ 1991ರಲ್ಲಿ ಹೊರಬಂತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಇದೆ. ಆ ಓಣಿಯಲ್ಲಿ 'ಕ' ಇದೆ, ಆದರೆ 'ಕ್ಕೇ' ಇಲ್ಲ. ಗುಡಿಸಿಗೆ ಬೇರೆ ಅಂಕಿ, ಕೊಂಬಿಗೆ ಬೇರೆ ಅಂಕಿ, ಅರ್ಧಾಕ್ಷರದ ಗುರುತಿಗೆ ಬೇರೆ ಅಂಕಿ.

ಈಗ ಹುಕ್ಕೇರಿಯನ್ನು ಬಿಡಿಸಿ ನೋಡಿ. ಹ ಒಂದು, ಅದರ ಕೊಂಬು ಎರಡು, ಕ ಮೂರು, ಅರ್ಧಾಕ್ಷರದ ಗುರುತು ನಾಲ್ಕು, ಇನ್ನೊಂದು ಕ ಐದು, ಏತ್ವ ಆರು, ರ ಏಳು, ಗುಡಿಸು ಎಂಟು. ಎಂಟು ಎಂಬ ಲೆಕ್ಕ ಬಂದದ್ದು ಹೀಗೆ. ಕಾಗದಪತ್ರ ಬರೆಯಲು, ಕಾಪಿಟ್ಟುಕೊಳ್ಳಲು ಈ ಏರ್ಪಾಡಿನಲ್ಲಿ ತಪ್ಪೇನೂ ಇಲ್ಲ. ಪರದೆಯ ಮೇಲೆ ತೋರಿಸುವಾಗ ಕಂಪ್ಯೂಟರು ಎಲ್ಲವನ್ನೂ ಕೂಡಿಸಿ ಸರಿಯಾಗಿಯೇ ತೋರಿಸುತ್ತದೆ. ಆದರೆ ಇಂಗ್ಲಿಷಿಗೆಂದು ಬರೆದ ಪದ ಹುಡುಕಾಟದ ಪ್ರೋಗ್ರಾಮು ಒಂದು ಅಂಕಿಗೆ ಒಂದು ಮನೆ ಎಂದು ಹಂಚಿಬಿಡುತ್ತದೆ. ಆಗ ಕೊಂಬು ಒಂದು ಮನೆಯಲ್ಲಿ, ಗುಡಿಸು ಇನ್ನೊಂದು ಮನೆಯಲ್ಲಿ. ಆಸರೆ ಕಳೆದುಕೊಂಡ ಗುಡಿಸು ಚುಕ್ಕೆ ಚುಕ್ಕೆಯ ಒಂದು ಬಳೆಯ ಮೇಲೆ ಹತ್ತಿ ಕೂರುತ್ತದೆ. ಹಾಳೆ ಕಂಡ ಮಗು, 'ಇದ್ಯಾವ ಅಕ್ಷರ ಬಾಯೀ?' ಎಂದು ಕೇಳಿದರೆ ಶಿಕ್ಷಕಿ ಏನು ಹೇಳಬೇಕು?

ಹಿಂದುಮುಂದಾಗಿ ಕೂರಿಸುವಾಗ ಇನ್ನೂ ತಮಾಷೆ. ಗೋಕಾಕವನ್ನು ತಿರುಗಿಸಿದರೆ 'ಕಕಾಗೋ' ಆಗಬೇಕು. ಅಂಕಿ ಅಂಕಿಯಾಗಿ ತಿರುಗಿಸಿದರೆ ಗ ಅಕ್ಷರದ ಓತ್ವ ಹೋಗಿ ನಡುವಿನ ಕ ಅಕ್ಷರದ ಕೊರಳಿಗೆ ಬೀಳುತ್ತದೆ. ಆಗುವುದು 'ಕಾಕೋಗ'! ಇಡೀ ಜಿಲ್ಲೆ ಹುಡುಕಿದರೂ ಆ ಊರು ಸಿಗಲಿಕ್ಕಿಲ್ಲ.

ಹಳೆಯ ಫಾಂಟಿನ ಗಂಟು

ಡಿಟಿಪಿ ಅಂಗಡಿಗಳಲ್ಲಿ ಇನ್ನೊಂದು ಗಂಟು ಉಂಟು. ಯೂನಿಕೋಡ್ ಎಲ್ಲೆಡೆ ಬಳಕೆಗೆ ಬರುವ ಮುಂಚೆ ಕಂಪ್ಯೂಟರಿನಲ್ಲಿ ಕನ್ನಡ ಬೆಳೆದದ್ದು ಬರಹ, ನುಡಿಗಳಂಥ ತಂತ್ರಾಂಶಗಳಿಂದ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ನುಡಿಯನ್ನು ಸಿದ್ಧಪಡಿಸಿತು. ಲಗ್ನಪತ್ರಿಕೆ, ಕರಪತ್ರ, ಅಂಗಡಿ ಬೋರ್ಡು ಎಲ್ಲ ಇವುಗಳಿಂದ ಕನ್ನಡವಾದವು. ಈ ಉಪಕಾರ ದೊಡ್ಡದು. ಆದರೆ ಆಗಿನ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಅಂಕಿಯ ಮೇಲೆ ಹೊದಿಸಿ ಇಟ್ಟಿದ್ದವು. ಆ ಹಳೆಯ ಕಡತದಿಂದ ಪದಪಟ್ಟಿ ಎತ್ತಿ ಪ್ರೋಗ್ರಾಮಿಗೆ ಕೊಟ್ಟರೆ ಕನ್ನಡದ ಹೊದಿಕೆ ಹಾರಿಹೋಗಿ ಒಳಗಿನ ಇಂಗ್ಲಿಷ್ ಚೂರುಗಳು ಹೊರಬೀಳುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಅದಕ್ಕೂ ಪರಿವರ್ತಕಗಳು ಇವೆ. ಗೊತ್ತಿರಬೇಕು, ಅಷ್ಟೇ.

ಮದ್ದು ಏನು?

ಮದ್ದು ಕಷ್ಟದ್ದಲ್ಲ. ಪ್ರೋಗ್ರಾಮಿಗೆ ಎರಡು ಮಾತು ಕಲಿಸಿದರೆ ಮುಕ್ಕಾಲು ಕೆಲಸ ಆಯಿತು. ಒಂದು: ಕೊಂಬು, ಗುಡಿಸು, ದೀರ್ಘ, ಸೊನ್ನೆ, ವಿಸರ್ಗ, ಅರ್ಧಾಕ್ಷರದ ಗುರುತು ಯಾವುದೇ ಬಂದರೂ ಹಿಂದಿನ ಅಕ್ಷರದ ಮನೆಯಲ್ಲೇ ಇರಲಿ. ಎರಡು: ಅರ್ಧಾಕ್ಷರದ ಗುರುತಿನ ಬೆನ್ನಿಗೆ ವ್ಯಂಜನ ಬಂದರೆ ಅದೂ ಅದೇ ಮನೆಗೆ ಸೇರಲಿ. ಉಳಿದ ವ್ಯಂಜನ, ಸ್ವರ ಬಂದಾಗ ಹೊಸ ಮನೆ. ಇಷ್ಟು ಹೇಳಿದರೆ ಹುಕ್ಕೇರಿ ಮೂರೇ ಮನೆಯಲ್ಲಿ ಕೂರುತ್ತದೆ. ಹಿಡಕಲ್ ಎಂಬಲ್ಲಿ ಕೊನೆಯ 'ಲ್' ಬೆನ್ನಿಗೆ ಯಾರೂ ಇಲ್ಲದ್ದರಿಂದ ಅದಕ್ಕೆ ತನ್ನದೇ ಒಂದು ಮನೆ. ಪದಬಂಧ ತುಂಬುವವರ ರೂಢಿಯೂ ಇದೇ. ಪದವನ್ನು ಹೀಗೆ ಮನೆ ಮನೆಯಾಗಿ ಒಡೆದ ಮೇಲೆಯೇ ಎಣಿಸಬೇಕು, ಆಮೇಲೆಯೇ ತಿರುಗಿಸಬೇಕು.

ಇನ್ನು ಖಾಲಿ ಮನೆಗಳ ಮಾತು. ಇಂಗ್ಲಿಷಿನಲ್ಲಿ 26 ಅಕ್ಷರ, ಯಾವುದನ್ನು ಎಸೆದರೂ ನಡೆಯುತ್ತದೆ. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ 15 ರೂಪ. ಗುಣಿಸಿದರೆ 510. ಒತ್ತಕ್ಷರಗಳನ್ನು ಇನ್ನೂ ಸೇರಿಸಿಲ್ಲ! ಕಣ್ಣು ಮುಚ್ಚಿ ತುಂಬಿದರೆ ಙೌ, ಝೃ, ಞೈ ಎಂಬ, ಯಾರೂ ಬಳಸದ ಅಕ್ಷರಗಳೇ ಚೌಕದ ತುಂಬ ಬರುತ್ತವೆ. ಜೋಳದ ರಾಶಿಯಲ್ಲಿ ಗೋಲಿ ಕಂಡಂತೆ ನಿಜವಾದ ಪದಗಳು ದೂರದಿಂದಲೇ ಕಂಡುಬಿಡುತ್ತವೆ. ಆಟ ಕೆಟ್ಟಿತು. ಅದಕ್ಕೆ ಅಡಗಿಸಿದ ಪದಗಳ ಅಕ್ಷರಗಳನ್ನೇ ಮತ್ತೆ ಚೆಲ್ಲುವುದು ಜಾಣತನ. ತುಂಬಿದ ಮೇಲೆ ಮನುಷ್ಯನೊಬ್ಬ ಒಮ್ಮೆ ಕಣ್ಣು ಹಾಯಿಸಬೇಕು. ಕಂಪ್ಯೂಟರಿಗೆ ಬೈಗುಳ ಗೊತ್ತಿಲ್ಲ. ತನಗರಿಯದೆ ಯಾವುದೋ ಒಂದು ಹೊಲಸು ಮಾತು ಚೌಕದಲ್ಲಿ ಕೂಡಿಬಂದು ಮಕ್ಕಳ ಕೈಗೆ ಹೋದರೆ ಮಾನ ಹೋಗುವುದು ಮಾಸ್ತರರದು!

ಇಷ್ಟೆಲ್ಲ ಯಾಕ ಬೇಕ್ರೀ?

'ಆಟಾ ಆಡಾಕ ಇಷ್ಟು ತಲಿ ಯಾಕ ಕೆಡಿಸ್ಕೋಬೇಕ್ರೀ?' ಎನ್ನುವವರು ಇರಬಹುದು. ಕಾರಣವಿದೆ.

ಗೋಕಾಕ ಚಳವಳಿ ಎಂದರೆ ನಾಡಿಗೆಲ್ಲ ಗೊತ್ತು. ಅದು ಹೆಸರು ಪಡೆದದ್ದು ಈ ಊರಿನಿಂದಲ್ಲ, ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯ ಸಮಿತಿಯಿಂದ. ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದನ್ನು ಜಾರಿಗೆ ತರಬೇಕೆಂದು 1982ರಲ್ಲಿ ಡಾ. ರಾಜಕುಮಾರ್ ಮುಂದೆ ನಿಂತು ಊರೂರು ಸುತ್ತಿದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ ಬೇಕು ಎಂಬುದು ಆಗಿನ ಕೂಗು. ಈಗ ಮಗುವಿನ ಕೈಗೆ ಬರುವ ಹಾಳೆಯನ್ನು ಕಂಪ್ಯೂಟರು ಮಾಡಿಕೊಡುತ್ತದೆ. ಕನ್ನಡದ ಹಾಳೆ ಒಡೆದು ಚೂರಾಗಿ ಬಂದರೆ ಶಿಕ್ಷಕರು ಬೇಸತ್ತು ಇಂಗ್ಲಿಷಿನ ಬೆಕ್ಕು, ನಾಯಿಯ ಚೌಕವನ್ನೇ ಝೆರಾಕ್ಸ್ ಮಾಡಿಸಿ ಹಂಚಿಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಹೀಗೆ ಸದ್ದಿಲ್ಲದೆ ಕನ್ನಡದ ಮಣೆ ಹಿಂದಕ್ಕೆ ಸರಿಯುತ್ತದೆ. ಯಾರೂ ಆಜ್ಞೆ ಹೊರಡಿಸಿದ್ದಲ್ಲ, ಯಾರೂ ವಿರೋಧಿಸಿದ್ದೂ ಅಲ್ಲ.

ಸರಿಯಾಗಿ ಮಾಡಿದರೆ ಉಪಯೋಗ ಬಹಳ. ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಅದರಲ್ಲಿ ಮಕ್ಕಳು ಅ, ಆ, ಇ, ಈ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಕಲಿಯತೊಡಗುತ್ತಾರೆ. ಆ ಐದೇ ಅಕ್ಷರದಲ್ಲಿ ಅರಸ, ಅಗಸ, ಗರಗಸ ಅಡಗಿಸಿದ ಚೌಕ ಮಾಡಿಕೊಡು ಎಂದರೆ ಪ್ರೋಗ್ರಾಮು ಮಾಡಿಕೊಡುತ್ತದೆ. ಕಲಿಯದ ಅಕ್ಷರ ಒಂದೂ ಬರುವುದಿಲ್ಲ. ಮಗುವಿಗೊಂದು ಬೇರೆ ಚೌಕ ಬೇಕೆಂದರೆ ಅದೂ ಸೈ. ಪಕ್ಕದವನ ಹಾಳೆ ನೋಡಿ ಗೆರೆ ಹೊಡೆಯುವ ಚಾಳಿಗೂ ಕಡಿವಾಣ. ಮನೆಯಲ್ಲಿ ಮರಾಠಿ, ಉರ್ದು ಆಡುವ ಮಕ್ಕಳು ಈ ಗಡಿ ಜಿಲ್ಲೆಯಲ್ಲಿ ಬಹಳ. ಅವರಿಗೆ ಒತ್ತಕ್ಷರ ಗುರುತಿಸಲು ಬೆತ್ತಕ್ಕಿಂತ ಈ ಆಟ ಮೇಲು.

ಅಂಗಡಿಕಾರರಿಗೂ ಇದರಲ್ಲಿ ದಾರಿ ಇದೆ. ಕರದಂಟಿನ ಡಬ್ಬದೊಳಗೆ ಅಂಗೈಯಗಲದ ಒಂದು ಚೌಕ, ಅದರಲ್ಲಿ ಅಂಟು, ಬೆಲ್ಲ, ಕೊಬ್ಬರಿ ಅಡಗಿದ್ದರೆ ಡಬ್ಬ ಖಾಲಿಯಾದ ಮೇಲೂ ಅಂಗಡಿಯ ಹೆಸರು ಮನೆಯಲ್ಲಿ ಉಳಿಯುತ್ತದೆ. ನಾರ್ಮನ್ ಊರಿನ ಜಾಹೀರಾತು ಕಾಗದ ಉಳಿದದ್ದು ಹೀಗೆಯೇ ಅಲ್ಲವೆ?

ಹುಡುಕಿ ನೋಡಿ

ಹೇಳಿದ್ದು ಸಾಕು. ಬಸ್ ಬರುವುದರೊಳಗೆ ಕೆಳಗಿನ ಚೌಕ ನೋಡಿ. ಮೇಲೆ ಹೇಳಿದ ನಿಯಮದಂತೆ ಒಂದು ಮನೆಗೆ ಒಂದೇ ಇಡಿಯಾದ ಅಕ್ಷರ. ಖಾಲಿ ಮನೆ ತುಂಬಿದ್ದೂ ಅಡಗಿದ ಪದಗಳ ಅಕ್ಷರಗಳಿಂದಲೇ.

ಗೋ | ಕಾ | ಕ | ಟು | ಹು | ಸಂ
ರ | ಅ | ರ | ಭಾ | ವಿ | ಕೇ
ಮೂ | ಗೋ | ದಂ | ಪ್ರ | ಹು | ಶ್ವ
ಡ | ಕಾ | ಟು | ಟ | ಕ್ಕೇ | ರ
ಲ | ರ | ಲ | ಘ | ರಿ | ವಿ
ಗಿ | ಹಿ | ಡ | ಕ | ಲ್ | ಪ್ರ

ಒಳಗೆ ಎಂಟು ಹೆಸರುಗಳಿವೆ. ಐದು ಊರು: ಗೋಕಾಕ, ಹುಕ್ಕೇರಿ, ಸಂಕೇಶ್ವರ, ಅರಭಾವಿ, ಮತ್ತು 2018ರಲ್ಲಿ ಗೋಕಾಕದಿಂದ ಬೇರೆಯಾಗಿ ತಾನೇ ತಾಲೂಕಾದ ಮೂಡಲಗಿ. ಒಂದು ಆಣೆಕಟ್ಟು: ಹಿಡಕಲ್. ಒಂದು ತಿನಿಸು: ಕರದಂಟು. ಒಂದು ನದಿ: ಘಟಪ್ರಭಾ.

ಏಳು ಹೆಸರುಗಳು ಎಡದಿಂದ ಬಲಕ್ಕೆ ಅಥವಾ ಮೇಲಿನಿಂದ ಕೆಳಕ್ಕೆ ಇವೆ. ಒಂದು ಮಾತ್ರ ಕೆಳಗಿನಿಂದ ಮೇಲಕ್ಕೆ ಹತ್ತಿದೆ. ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಕೆಳಕ್ಕೆ ಧುಮುಕುವ ಅದೇ ಹೆಸರು, ಕಂಪ್ಯೂಟರಿನ ಚೌಕದಲ್ಲಿ ಮಾತ್ರ ಮೇಲಕ್ಕೆ ಹರಿಯುತ್ತದೆ!