ಮಕ್ಕಳ ಕಿವಿಗೆ ವಾದ್ಯವೃಂದ

ಸಂಗೀತಶಿಕ್ಷಣವೆಂದರೆ ಹಾಡುವವರನ್ನೂ ನುಡಿಸುವವರನ್ನೂ ಸಿದ್ಧಪಡಿಸುವುದೆಂದೇ ಸಾಮಾನ್ಯವಾದ ಭಾವನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಆ ಕಾರ್ಯವನ್ನು ತಪಸ್ಸಿನಂತೆ ನಡೆಸಿದರು. ಆದರೆ ಸಾಮಾನ್ಯ ಶಾಲೆಯೊಂದರ ನೂರು ಮಕ್ಕಳಲ್ಲಿ ಗಾಯಕರಾಗುವವರು ಒಬ್ಬಿಬ್ಬರು; ಉಳಿದವರೆಲ್ಲರೂ ಶ್ರೋತೃಗಳು. ಕೇಳುವವನಿಗೂ ಶಿಕ್ಷಣ ಬೇಕೆಂದು ಬಗೆದು ಇಂಗ್ಲೆಂಡಿನಲ್ಲಿ ನಡೆಸಿದ ಪ್ರಯತ್ನವೊಂದು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ರಾಬರ್ಟ್ ಮೇಯರ್ ಎಂಬುವರು 1879ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಜನಿಸಿ, ಲಂಡನ್ನಿನಲ್ಲಿ ನೆಲೆಸಿ ವ್ಯಾಪಾರದಿಂದ ಸಂಪನ್ನರಾದವರು. ಅಮೆರಿಕದಲ್ಲಿ ವಾಲ್ಟರ್ ಡ್ಯಾಮ್‌ರಾಷ್ ಮಕ್ಕಳಿಗಾಗಿ ನಡೆಸುತ್ತಿದ್ದ ಕಚೇರಿಗಳನ್ನು ಕಂಡು, ಗಾಯಕಿಯಾಗಿದ್ದ ಪತ್ನಿ ಡೊರೊಥಿಯವರೊಡಗೂಡಿ 1923ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಕಚೇರಿಗಳನ್ನು ಆರಂಭಿಸಿದರು. ಮೊದಲು ಏಡ್ರಿಯನ್ ಬೋಲ್ಟ್, ಮರುವರ್ಷದಿಂದ ಮಾಲ್ಕಮ್ ಸಾರ್ಜೆಂಟ್ ವಾದ್ಯವೃಂದವನ್ನು ನಡೆಸಿದರು. ಸಾರ್ಜೆಂಟರು ಕೃತಿಯನ್ನು ನುಡಿಸುವುದಕ್ಕೆ ಮೊದಲು ಅದರ ಮರ್ಮವನ್ನು ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೇಳುತ್ತಿದ್ದರು. ಧನವಂತನ ಹಣ ಕಟ್ಟಡವಾಗದೆ ಕಿವಿಯ ಸಂಸ್ಕಾರವಾದುದು ಅಪರೂಪದ ಸಂಗತಿಯೇ ಸರಿ.

ಧ್ವನಿಮುದ್ರಿಕೆ ಸಾಲದೇ ಎಂಬ ಪ್ರಶ್ನೆ ಸಹಜ. ವಾದ್ಯವೃಂದವೆಂದರೆ ಹಲವು ಹತ್ತು ವಾದಕರು ಬರೆದಿಟ್ಟ ಸ್ವರಲಿಪಿಯನ್ನು ಅನುಸರಿಸಿ, ಒಬ್ಬ ನಿರ್ದೇಶಕನ ಕೈಸನ್ನೆಗೆ ನುಡಿಸುವ ಮೇಳ. ಮುದ್ರಿಕೆಯಲ್ಲಿ ಇವೆಲ್ಲವೂ ಒಂದೇ ನಾದರಾಶಿಯಾಗಿ ಬಾಲಕನ ಕಿವಿಗೆ ಬೀಳುತ್ತವೆ. ಸಭಾಂಗಣದಲ್ಲಾದರೋ ಪಿಟೀಲುಗಳ ಕಮಾನುಗಳು ಏಕಕಾಲಕ್ಕೆ ಏರಿಳಿಯುವುದನ್ನೂ, ಕಹಳೆಯವನು ಉಸಿರು ತುಂಬಿಕೊಳ್ಳುವುದನ್ನೂ, ನಗಾರಿಯವನು ತನ್ನ ಸರದಿಗಾಗಿ ಎಣಿಸುತ್ತ ಕಾದಿರುವುದನ್ನೂ ಕಣ್ಣು ಕಾಣುತ್ತದೆ. ಕಣ್ಣು ತೋರಿದ ಜಾಡಿನಲ್ಲಿ ಕಿವಿ ನಡೆಯುತ್ತದೆ. ನಮ್ಮಲ್ಲಿಯೂ ತಂಬೂರಿಯ ಶ್ರುತಿಗೂಡಿಸುವುದನ್ನು ಎದುರು ಕುಳಿತು ಕಂಡ ಮಗುವಿಗೆ ಶ್ರುತಿಯೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ತತ್ತ್ವವನ್ನೇ ಕೃತಿರೂಪಕ್ಕೆ ತಂದವರು ಬೆಂಜಮಿನ್ ಬ್ರಿಟನ್. ವಾದ್ಯಗಳನ್ನು ಪರಿಚಯಿಸುವ ಶೈಕ್ಷಣಿಕ ಚಲನಚಿತ್ರವೊಂದಕ್ಕಾಗಿ ಅವರು 1945ರಲ್ಲಿ ಒಂದು ರಚನೆಯನ್ನು ಮಾಡಿದರು. 1946ರಲ್ಲಿ ತೆರೆಕಂಡ ಆ ಚಿತ್ರದಲ್ಲಿಯೂ ವಾದ್ಯವೃಂದವನ್ನು ನಡೆಸಿದವರು ಸಾರ್ಜೆಂಟರೇ. ಹದಿನೇಳನೆಯ ಶತಮಾನದ ಹೆನ್ರಿ ಪರ್ಸೆಲ್ಲನ ಒಂದು ವರಸೆಯನ್ನು ಮೊದಲು ಇಡೀ ಮೇಳ ನುಡಿಸುತ್ತದೆ. ಬಳಿಕ ಮರದ ಊದುವಾದ್ಯ, ಲೋಹದ ಊದುವಾದ್ಯ, ತಂತಿವಾದ್ಯ, ಬಡಿವಾದ್ಯ ಎಂಬ ನಾಲ್ಕು ಕುಟುಂಬಗಳು ಅದನ್ನೇ ಬೇರೆಬೇರೆಯಾಗಿ ನುಡಿಸುತ್ತವೆ. ಅನಂತರ ಹದಿಮೂರು ರೂಪಾಂತರಗಳಲ್ಲಿ ಕೊಳಲಿನಿಂದ ಬಡಿವಾದ್ಯದವರೆಗೆ ಒಂದೊಂದು ಬಗೆಯೂ ತನ್ನ ಶಕ್ತಿಯನ್ನು ತೋರುತ್ತದೆ. ಬಿಡಿಸಿದ್ದನ್ನು ಮತ್ತೆ ಕೂಡಿಸುವುದು ಕೊನೆಯ ಭಾಗ: ಪುಟ್ಟ ಕೊಳಲೊಂದು ಹೊಸ ವರಸೆಯನ್ನು ಎತ್ತಿಕೊಳ್ಳಲು, ಉಳಿದವು ಹಿಂದಿನ ಕ್ರಮದಲ್ಲಿಯೇ ಬಂದು ಸೇರಿ, ಆ ಸಂಭ್ರಮದ ಮೇಲೆ ಲೋಹವಾದ್ಯಗಳು ಪರ್ಸೆಲ್ಲನ ವರಸೆಯನ್ನು ಮೊಳಗಿಸುತ್ತವೆ. ಪದಚ್ಛೇದ ಮಾಡಿ ಅನ್ವಯ ಹೇಳುವ ಕಾವ್ಯಪಾಠದ ಕ್ರಮವೂ ಇದೇ ಅಲ್ಲವೇ!

ನಮ್ಮ ದೇಶದಲ್ಲಿ ಕಿರಣ್ ಸೇಠರು 1977ರಲ್ಲಿ ಸ್ಥಾಪಿಸಿದ ಸ್ಪಿಕ್ ಮೆಕೆ ಸಂಸ್ಥೆಯು ಕಲಾವಿದರನ್ನೇ ಶಾಲೆ ಕಾಲೇಜುಗಳಿಗೆ ಕರೆತರುವ ಮಾರ್ಗವನ್ನು ಹಿಡಿಯಿತು. ಇದು ಹಳ್ಳಿಯ ಶಾಲೆಗೆ ಹೆಚ್ಚು ಹೊಂದುವಂಥದು. ಎಂಬತ್ತು ಮಂದಿಯ ಮೇಳ ಬೇಕಿಲ್ಲ, ಮೂವರು ಸಾಕು.

ಮೇಯರರು ಮಕ್ಕಳ ಕಚೇರಿಗಳಿಗೇ ನಿಲ್ಲಲಿಲ್ಲ. ಹದಿಹರೆಯದವರನ್ನೂ ತರುಣರನ್ನೂ ಉದ್ದೇಶಿಸಿ 1954ರಲ್ಲಿ ‘ಯೂತ್ ಅಂಡ್ ಮ್ಯೂಸಿಕ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಆಗ ಅವರ ವಯಸ್ಸು ಎಪ್ಪತ್ತೈದರ ಹತ್ತಿರ. ಅನಂತರವೂ ಮೂವತ್ತು ವರ್ಷ ಬಾಳಿ 1985ರಲ್ಲಿ ತೀರಿಕೊಂಡರು.