ಸನ್ನಿಯ ಮೂಲವೂ ಮಿದುಳಿನ ಚಿತ್ರವೂ

ಮನೆಯ ವೃದ್ಧರೊಬ್ಬರು ಜ್ವರದಿಂದ ಮಲಗಿರುವರೆಂದು ಭಾವಿಸೋಣ. ಹಗಲೆಲ್ಲ ಸುಮ್ಮನಿದ್ದವರು ದೀಪ ಹಚ್ಚುವ ವೇಳೆಗೆ ಎದ್ದು ಕುಳಿತು, ಎಂದೋ ತೀರಿಹೋದ ತಮ್ಮನನ್ನು ಕರೆಯುವರು. ಗಂಜಿ ತಂದ ಸೊಸೆಯನ್ನೇ ‘ನೀನಾರು?’ ಎಂದು ಕೇಳುವರು. ‘ವಯಸ್ಸಾಯಿತು, ಅರುಳುಮರುಳು’ ಎಂದು ಕೆಲವರು ಸುಮ್ಮನಾಗುವರು. ಗಾಳಿ ಸೋಕಿತೆಂದು ಕೆಲವರು ಮಂತ್ರವಾದಿಗೆ ಹೇಳಿಕಳುಹಿಸುವರು. ನಮ್ಮ ಹಿರಿಯರು ಇದಕ್ಕೆ ಸನ್ನಿ ಎಂದರು. ಇದು ಹುಚ್ಚೂ ಅಲ್ಲ, ಮುಪ್ಪಿನ ಮರೆವೂ ಅಲ್ಲ. ಮರೆವು ವರ್ಷಗಟ್ಟಲೆ ಮೆಲ್ಲನೆ ಬೆಳೆಯುವುದು. ಸನ್ನಿಯಾದರೋ ಕೆಲವೇ ಗಂಟೆಗಳಲ್ಲಿ ಇಲ್ಲವೆ ದಿನಗಳಲ್ಲಿ ತಲೆದೋರಿ, ದಿನದೊಳಗೇ ಏರಿಳಿಯುವುದು.

ಎದೆಯ ಕಫವೋ ಮೂತ್ರದ ನಂಜೋ ಬುದ್ಧಿಯನ್ನು ಕದಡುವುದೆಂತು? ಈ ಪ್ರಶ್ನೆಗೆ ಉತ್ತರವನ್ನು ಪಂಡಿತರು ಮಿದುಳಿನಲ್ಲಿಯೇ ಹುಡುಕುತ್ತಿರುವರು. ಜರ್ಮನಿಯ ವೈದ್ಯ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊತ್ತಮೊದಲು ದಾಖಲಿಸಿದನು. ಸನ್ನಿ ಹಿಡಿದವರಲ್ಲಿ ಈ ತರಂಗಗಳು ನಿಧಾನವಾಗುವುವೆಂದೂ, ಗುಣವಾಗುತ್ತ ಬಂದಂತೆ ಮತ್ತೆ ಚುರುಕಾಗುವುವೆಂದೂ ಅಮೆರಿಕದ ರೊಮಾನೊ ಮತ್ತು ಎಂಗೆಲರು 1944ರಲ್ಲಿ ತೋರಿಸಿದರು.

ತರಂಗಗಳ ತರುವಾಯ ಚಿತ್ರಗಳು ಬಂದುವು. ಸಿ.ಟಿ. ಯಂತ್ರವು ತಲೆಯೊಳಗಿನ ರಕ್ತಸ್ರಾವವನ್ನು ತೋರಿಸಬಲ್ಲುದು. ಆದರೆ ಸನ್ನಿಯ ಬಹುಪಾಲು ರೋಗಿಗಳಲ್ಲಿ ಅಂತಹ ಹೊಸ ಗಾಯವೇನೂ ಕಾಣದು. ಹಾಗಾದರೆ ಕೆಟ್ಟಿರುವುದು ಕಟ್ಟಡವೋ, ಅದರೊಳಗಣ ವ್ಯವಹಾರವೋ? 2012ರಲ್ಲಿ ಕೊರಿಯದ ವೈದ್ಯರು ಎಂ.ಆರ್.ಐ. ಯಂತ್ರದಿಂದ ಮಿದುಳಿನ ಭಾಗಗಳ ಪರಸ್ಪರ ಸಂಬಂಧವನ್ನು ಪರೀಕ್ಷಿಸಿದರು. ಗಮನವನ್ನು ಆಳುವ ಮುಂಭಾಗಕ್ಕೂ ಹಿಂಬದಿಯ ಒಂದು ಮುಖ್ಯ ಕೇಂದ್ರಕ್ಕೂ ಇರಬೇಕಾದ ಹೊಂದಿಕೆಯು ಸನ್ನಿಯ ವೇಳೆ ತಪ್ಪಿದ್ದಿತು. 2017ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, 13 ರೋಗಿಗಳ ಮಿದುಳು ಸಕ್ಕರೆಯನ್ನು ಬಳಸುವ ಪ್ರಮಾಣವು ಕುಗ್ಗಿದುದು ಕಂಡಿತು; ಸನ್ನಿ ಬಿಟ್ಟ ಬಳಿಕ ಅದು ಸುಧಾರಿಸಿತು. ಒಲೆ ಒಡೆದಿರಲಿಲ್ಲ, ಉರಿ ಕುಂದಿದ್ದಿತು.

ಈ ಶೋಧನೆಗಳು ಚಿಕ್ಕವು. ತಳಮಳಿಸುವ ರೋಗಿಯನ್ನು ಯಂತ್ರದೊಳಗೆ ಅಲುಗದಂತೆ ಮಲಗಿಸುವುದು ಸುಲಭವಲ್ಲ. ಆದರೂ ಉದಾಸೀನ ಸಲ್ಲದು. ತೀವ್ರ ಕಾಯಿಲೆಯಿಂದ ಚೇತರಿಸಿಕೊಂಡ 47 ಮಂದಿಯನ್ನು ಕುರಿತ 2012ರ ಅಮೆರಿಕದ ಪರೀಕ್ಷೆಯಲ್ಲಿ, ಸನ್ನಿಯು ಹೆಚ್ಚು ದಿನ ಇದ್ದವರ ಮಿದುಳಿನ ಗಾತ್ರವು ಕಿರಿದಾಗಿ ತೋರಿತು. ಸನ್ನಿಯೇ ಅದಕ್ಕೆ ಕಾರಣವೋ, ಮೊದಲೇ ಸೊರಗಿದ ಮಿದುಳಿಗೆ ಸನ್ನಿ ಅಂಟಿತೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಆದುದರಿಂದ ಗೃಹಸ್ಥರು ನೆನಪಿಡತಕ್ಕದ್ದು ಇಷ್ಟು: ಹಿರಿಯರ ಮಾತು ಹಠಾತ್ತನೆ ತೊದಲಿದರೆ, ಅಥವಾ ಅವರು ಎಂದಿಲ್ಲದಂತೆ ಮಂಕಾದರೆ, ಆ ದಿನವೇ ವೈದ್ಯರನ್ನು ಕಾಣಬೇಕು, ಸೇವಿಸುತ್ತಿರುವ ಔಷಧಗಳನ್ನೆಲ್ಲ ತೋರಿಸಬೇಕು. ಕನ್ನಡಕ, ಹಗಲಿನ ಬೆಳಕು, ಇರುಳಿನ ನಿದ್ರೆ, ಪರಿಚಿತರ ದನಿ ಇವು ರೋಗಿಗೆ ಆಸರೆ. ಯಂತ್ರವು ಚಿತ್ರ ತೆಗೆಯಬಲ್ಲುದು. ‘ಇವರು ನಿನ್ನೆ ಹೀಗಿರಲಿಲ್ಲ’ ಎಂದು ಮೊದಲು ಅರಿಯಬಲ್ಲವರು ಮನೆಯವರೇ.